ಮಂದಿ ನಗ್ತಾರೆ ಅಂತ ಕ್ಲೇಮು ಬಿಡಬೇಕಾ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ನನ್ನ ಯಜಮಾನರು ಗೌಂಡಿ ಕೆಲಸ ಮಾಡುತ್ತಾರೆ, ವಯಸ್ಸು 38. ಎಳ್ಳ ಅಮಾವಾಸ್ಯೆ ಆದ ವಾರಕ್ಕೆ ಕಲಬುರಗಿಯಿಂದ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಪಿಕಪ್ ಗಾಡಿ ಗುದ್ದಿತು. ಬಲಗಾಲಿನ ಎಲುಬು ಮುರಿದು ಸೊಲ್ಲಾಪುರದಲ್ಲಿ ರಾಡ್ ಹಾಕಿಸಿದೆವು. ಪೊಲೀಸ್ ಕೇಸು ಆಗಿದೆ. ಗಾಡಿ ಮಾಲೀಕರು ಪಕ್ಕದ ಊರಿನವರೇ. ಆಸ್ಪತ್ರೆಗೆ ಬಂದು 30,000 ರೂಪಾಯಿ ಕೊಟ್ಟು ಹೋದರು. ಈಗ ಕ್ಲೇಮು ಹಾಕೋಣ ಅಂದರೆ ನಮ್ಮ ಮಾವನವರು, ಊರ ಹಿರಿಯರು ಬೇಡ ಅನ್ನುತ್ತಾರೆ. 'ಕಾಲು ಮಾರ್ಕೊಂಡು ರೊಕ್ಕ ತಿಂತಾರ ಅಂತ ಮಂದಿ ನಗ್ತಾರ' ಅನ್ನುತ್ತಾರೆ. ಓದಿದ ಮೈದುನ 'ಅಮೆರಿಕದಾಗ ಮುದುಕಿ ಕಾಫಿ ಚೆಲ್ಕೊಂಡು ಕೋಟಿಗಟ್ಲೆ ಹೊಡದಳಂತ, ಹಂಗಾತು ನಿಂದು' ಅಂತ ಆಡಿಕೊಳ್ಳುತ್ತಾನೆ. ಇನ್ನೊಂದು ಕಡೆ, ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬ ಏಜೆಂಟ್ '60 ಪರ್ಸೆಂಟ್ ಸರ್ಟಿಫಿಕೇಟ್ ಮಾಡಿಸ್ತೀನಿ, 20 ಲಕ್ಷ ಬರ್ತದ, ನನಗ 30 ಪರ್ಸೆಂಟ್ ಕೊಡ್ರಿ' ಅಂತ ದಿನಾ ಫೋನ್ ಮಾಡುತ್ತಾನೆ. ನಾವು ದುರಾಸೆ ಪಡುತ್ತಿದ್ದೇವಾ? ಮಾಲೀಕರ ಮನೆ ಹಾಳಾಗುತ್ತಾ? ಏನು ಮಾಡಬೇಕು?

ಉತ್ತರ: ತಂಗಿ, ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಇದು ದುರಾಸೆ ಅಲ್ಲ, ಕ್ಲೇಮು ಹಾಕಿ. ಗಾಡಿಯ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ಡ್ರೈವರಿಗೆ ಲೈಸೆನ್ಸ್ ಇದ್ದರೆ ಮಾಲೀಕರ ಮನೆಗೆ ಏನೂ ಆಗುವುದಿಲ್ಲ. ಆ ಏಜೆಂಟನ ಫೋನ್ ಎತ್ತಬೇಡಿ. ಇಷ್ಟು ಸಾಕಾಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಿಮ್ಮ ಮಾವನವರಿಗೆ, ಮೈದುನನಿಗೆ ಉತ್ತರ ಕೊಡಬೇಕಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾಲೀಕರ ವಿಷಯದಿಂದ ಶುರು ಮಾಡೋಣ. ಹಿರಿಯರ ನಿಜವಾದ ಅಳುಕು ಅಲ್ಲಿದೆ ಅನಿಸುತ್ತೆ. ಪಕ್ಕದ ಊರಿನ ಮನುಷ್ಯ. ಸಂತೆಯಲ್ಲಿ ಎದುರಾಗುತ್ತಾರೆ, ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕು. ಆಸ್ಪತ್ರೆಗೆ ಬಂದು ದುಡ್ಡು ಕೊಟ್ಟು ಹೋದವರ ಮೇಲೆ ಕೋರ್ಟಿಗೆ ಹೋಗುವುದು ಸರಿ ಕಾಣುವುದಿಲ್ಲ. ಈ ಮುಜುಗರ ನನಗೆ ಅರ್ಥವಾಗುತ್ತೆ. ಆದರೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ಆ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ತುಂಬುವ ವಿಮೆ) ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ಅವರು ಪ್ರತಿ ವರ್ಷ ಪ್ರೀಮಿಯಂ ಕಟ್ಟಿರುವುದು ಇಂಥ ದಿನಕ್ಕೇ. ನೀವು ಕೇಸು ಹಾಕದಿದ್ದರೆ ಆ ದುಡ್ಡು ಮಾಲೀಕರಿಗೆ ಉಳಿಯಲ್ಲ, ಕಂಪನಿಗೆ ಉಳಿಯುತ್ತೆ. ಅಷ್ಟೇ ವ್ಯತ್ಯಾಸ.

ಕೇಸಿನಲ್ಲಿ ಮಾಲೀಕರನ್ನು ಪ್ರತಿವಾದಿ ಮಾಡಲೇಬೇಕು. ಹಾಗಾಗಿ ಅವರ ಮನೆಗೆ ಕೋರ್ಟಿನ ನೋಟಿಸ್ ಹೋಗುತ್ತೆ. ಜಗಳ ಹುಟ್ಟುವುದು ಈ ನೋಟಿಸಿನಿಂದಲೇ. ಪೋಸ್ಟ್‌ಮನ್ ಬರುವ ಮೊದಲು ನಿಮ್ಮವರೊಬ್ಬರು ಹೋಗಿ, 'ಕಾಕಾ, ಕೇಸು ಇನ್ಶೂರೆನ್ಸ್‌ನವರ ಮ್ಯಾಗ, ನಿಮ್ಮ ಹೆಸರು ಕಾಯ್ದೆಕ್ಕ ಹಾಕಬೇಕಾಗ್ತದ' ಅಂತ ಹೇಳಿ ಬಂದರೆ ಅರ್ಧ ಬಿಸಿ ಇಳಿಯುತ್ತೆ. ಪಾಲಿಸಿ ಮುಗಿದು ಹೋಗಿದ್ದರೆ, ಡ್ರೈವರ್‌ಗೆ ಲೈಸೆನ್ಸ್ ಇರದಿದ್ದರೆ ಮಾತು ಬೇರೆ. ಆಗ ಮಾಲೀಕರೇ ಕೊಡಬೇಕಾಗಬಹುದು. ಇಲ್ಲವೇ ಕಂಪನಿ ಮೊದಲು ನಿಮಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟ್ ಹೇಳಬಹುದು. ಪಾಲಿಸಿಯ ಕಾಪಿ ಪೊಲೀಸ್ ಫೈಲಿನಲ್ಲಿ ಇರುತ್ತೆ, ಅದನ್ನು ಮೊದಲು ನೋಡಿ. ಅವರು ಕೊಟ್ಟ 30,000ವನ್ನು ಮುಚ್ಚಿಡಬೇಡಿ, ಕೇಳಿದರೆ ಇದ್ದದ್ದು ಹೇಳಿ. 'ಇನ್ನು ನಮ್ಮದೇನೂ ತಕರಾರಿಲ್ಲ' ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಳ್ಳಲು ಬಂದರೆ ಮಾತ್ರ ಸಹಿ ಹಾಕಬೇಡಿ.

ಈಗ ನಗುವ ಮಂದಿಯ ವಿಷಯ. ವಕೀಲನಾಗಿ ಕಲಬುರಗಿಯಲ್ಲಿ ಇಷ್ಟು ವರ್ಷ ಕಳೆದವನು ನಾನು. ಸುಮ್ನೆ ಹಾಕಿದ ಕೇಸುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವುಗಳಲ್ಲಿ ಬಹುಪಾಲು ಕಾಲು ಮುರಿದವರದ್ದಲ್ಲ. ಅಣ್ಣತಮ್ಮಂದಿರು ಎರಡು ಗೇಣು ಬದುವಿಗೆ ಹಾಕಿದ್ದು. ಕೊಟ್ಟ ಹೊಲವನ್ನು ಮೂವತ್ತು ವರ್ಷ ಆದ ಮೇಲೆ 'ಕೊಟ್ಟೇ ಇಲ್ಲ' ಅಂತ ಹಾಕಿದ್ದು. ಎದುರಿನವನು ಮನೆ ಕಟ್ಟಬಾರದು ಅಂತಲೇ ತಂದ ತಡೆಯಾಜ್ಞೆ. ಇಂಥ ಕೇಸು ಹಾಕಿದವನನ್ನು ನೋಡಿ ಊರಲ್ಲಿ ಯಾರೂ ನಗುವುದಿಲ್ಲ. 'ಹಟವಾದಿ ನೋಡು, ಬಿಡಂಗಿಲ್ಲ' ಅಂತ ಮೆಚ್ಚಿಕೊಳ್ಳುವವರೂ ಇದ್ದಾರೆ. ಅದೇ, ಗಂಡನ ಕಾಲು ಹೋಯಿತು ಅಂತ ಒಬ್ಬ ಹೆಣ್ಣುಮಗಳು ಕೋರ್ಟಿನ ಮೆಟ್ಟಿಲು ಹತ್ತಿದರೆ 'ರೊಕ್ಕದ ಆಸೆ'. ಇದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

'ಗೆದ್ದವ ಸೋತ, ಸೋತವ ಸತ್ತ' ಅನ್ನುವ ಗಾದೆ ಹುಟ್ಟಿದ್ದೂ ಇಂಥ ಹೊಲಮನೆ ಕೇಸುಗಳಿಂದಲೇ ಇರಬೇಕು. ಹುರುಳಿಲ್ಲದ ದಾವೆಯನ್ನು ಬಾಗಿಲಲ್ಲೇ ತಳ್ಳಿಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ದಾರಿ ಇದೆ. 1977ರಲ್ಲಿ ಬೆಂಗಳೂರಿನ ಬಾಡಿಗೆದಾರರೊಬ್ಬರು ಮನೆ ಖಾಲಿ ಮಾಡದೆ ಒಂದರ ಮೇಲೊಂದು ದಾವೆ ಹೂಡಿದಾಗ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥವನ್ನು ಮೊಳಕೆಯಲ್ಲೇ ಚಿವುಟಬೇಕು ಅಂತ ಕೆಳಗಿನ ಕೋರ್ಟುಗಳಿಗೆ ತಾಕೀತು ಮಾಡಿದರು. ಗೊತ್ತಿದ್ದೂ ಸುಳ್ಳು ದಾವೆ ಹಾಕಿದವನಿಂದ ಎದುರಿನವನಿಗೆ ಪರಿಹಾರದ ಖರ್ಚು ಕೊಡಿಸುವ ಕಲಂ ಕೂಡ ಇದೆ, 35ಎ. ಅದರ ಮಿತಿ ಎಷ್ಟು ಗೊತ್ತಾ? ಮೂರು ಸಾವಿರ ರೂಪಾಯಿ. ಅರ್ಧ ಕ್ವಿಂಟಲ್ ತೊಗರಿಯ ಬೆಲೆಗೂ ಸಮ ಇಲ್ಲ. ಸುಮ್ನೆ ಕೇಸು ಹಾಕುವವರು ಯಾಕೆ ಹೆದರುವುದಿಲ್ಲ ಅಂತ ಈಗ ತಿಳಿಯಿತಲ್ಲ.

ಮೈದುನನ ಕಾಫಿ ಕಥೆಗೆ ಬರೋಣ. ಈ ಕಥೆ ನನಗೂ ವಾಟ್ಸಾಪಿನಲ್ಲಿ ಎಷ್ಟು ಸಲ ಬಂದಿದೆಯೋ. ಅದರಲ್ಲಿ ಅರ್ಧವನ್ನೇ ಹೇಳುತ್ತಾರೆ. ನಡೆದದ್ದು ಇದು.

1992ರ ಫೆಬ್ರವರಿ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರು. ಸ್ಟೆಲ್ಲಾ ಲೀಬೆಕ್ ಅನ್ನುವ 79 ವರ್ಷದ ಅಜ್ಜಿ ಮೊಮ್ಮಗನ ಕಾರಿನಲ್ಲಿ ಕೂತು ಮೆಕ್‌ಡೊನಾಲ್ಡ್ಸ್‌ನಲ್ಲಿ 49 ಸೆಂಟಿನ ಕಾಫಿ ತಗೊಂಡರು. ಕಾರು ಓಡಿಸುತ್ತಿದ್ದದ್ದು ಅಜ್ಜಿ ಅಲ್ಲ. ಓಡುತ್ತಲೂ ಇರಲಿಲ್ಲ, ನಿಂತಿತ್ತು. ಹಾಲು, ಸಕ್ಕರೆ ಹಾಕಿಕೊಳ್ಳಲು ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡು ಮುಚ್ಚಳ ತೆಗೆದಾಗ ಚೆಲ್ಲಿತು. ಆ ಕಂಪನಿ ಕಾಫಿಯನ್ನು 82ರಿಂದ 88 ಡಿಗ್ರಿ ಬಿಸಿಯಲ್ಲಿ ಇಡುತ್ತಿತ್ತು. ನಮ್ಮ ಮನೆಯಲ್ಲಿ ಕುಡಿಯುವ ಚಹಾದ ಬಿಸಿ ಅಲ್ಲ ಅದು. ತೊಡೆ, ತೊಡೆಸಂದಿಯ ಚರ್ಮ ಆಳದವರೆಗೆ ಬೆಂದುಹೋಯಿತು. ಎಂಟು ದಿನ ಆಸ್ಪತ್ರೆ. ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಿದರು.

ಅಜ್ಜಿ ಮೊದಲು ಕೇಳಿದ್ದು ಕೋಟಿ ಅಲ್ಲ. ಆಸ್ಪತ್ರೆ ಖರ್ಚು, ಮುಂದಿನ ಚಿಕಿತ್ಸೆ ಎಲ್ಲ ಸೇರಿ 20,000 ಡಾಲರ್. ಕಂಪನಿ 800 ಡಾಲರ್ ಕೊಡ್ತೀವಿ ಅಂದಿತು. ಆಮೇಲೆ ಕೋರ್ಟಿಗೆ ಹೋದದ್ದು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಏನೆಂದರೆ, ಹಿಂದಿನ ಹತ್ತು ವರ್ಷದಲ್ಲಿ ಇದೇ ಕಾಫಿಯಿಂದ ಸುಟ್ಟುಕೊಂಡ 700ಕ್ಕೂ ಹೆಚ್ಚು ದೂರು ಕಂಪನಿಯ ಹತ್ತಿರ ಇದ್ದವು. ಆದರೂ ಬಿಸಿ ಇಳಿಸಿರಲಿಲ್ಲ. 1994ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪು, ಎರಡು ಲಕ್ಷ ಡಾಲರ್ ನಷ್ಟ ಅಂತ ಲೆಕ್ಕ ಹಾಕಿ, ಅಜ್ಜಿಯದ್ದೂ 20 ಪರ್ಸೆಂಟ್ ತಪ್ಪು ಅಂತ ಹೇಳಿ 1,60,000ಕ್ಕೆ ಇಳಿಸಿತು. ಇದರ ಮೇಲೆ ಕಂಪನಿಗೆ ದಂಡ ಅಂತ 27 ಲಕ್ಷ ಡಾಲರ್ ಹಾಕಿತು. ಅದು ಆ ಕಂಪನಿಯ ಎರಡು ದಿನದ ಕಾಫಿ ವ್ಯಾಪಾರದಷ್ಟು. ಜಡ್ಜ್ ಆ ದಂಡವನ್ನು 4,80,000ಕ್ಕೆ ಕತ್ತರಿಸಿದರು. ಕೊನೆಗೆ ಎರಡೂ ಕಡೆಯವರು ಹೊರಗೆ ರಾಜಿ ಮಾಡಿಕೊಂಡರು, ಮೊತ್ತವನ್ನು ಹೇಳಲಿಲ್ಲ.

ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಆ 27 ಲಕ್ಷ ಮಾತ್ರ. ಕತ್ತರಿಸಿದ್ದು, ಕಸಿ ಮಾಡಿದ್ದು, 700 ದೂರು ಇವೆಲ್ಲ ಒಳಪುಟಕ್ಕೆ ಹೋದವು. ಪರಿಹಾರದ ಮೊತ್ತಕ್ಕೆ ಮಿತಿ ಹಾಕಬೇಕು ಅಂತ ಆಗ ಅಲ್ಲಿನ ದೊಡ್ಡ ಕಂಪನಿಗಳು, ವಿಮೆಯವರು ಪ್ರಚಾರ ಮಾಡುತ್ತಿದ್ದರು. ಅವರಿಗೆ ಈ ಅಜ್ಜಿ ಕೈಗೆ ಸಿಕ್ಕ ಬೊಂಬೆಯಾದರು. ಇನ್ನೊಂದು ಕಥೆ ಓಡಾಡುತ್ತೆ ನೋಡಿ: ಮನೆಯಂಥ ದೊಡ್ಡ ಗಾಡಿಯಲ್ಲಿ ಒಬ್ಬ ಕ್ರೂಸ್ ಕಂಟ್ರೋಲ್ ಹಾಕಿ ಹಿಂದೆ ಹೋಗಿ ಕಾಫಿ ಮಾಡುತ್ತಿದ್ದನಂತೆ, ಗಾಡಿ ಪಲ್ಟಿಯಾಗಿ, ಕಂಪನಿಯಿಂದ ಲಕ್ಷಗಟ್ಟಲೆ ಗೆದ್ದನಂತೆ. ಅದು ನಡೆದೇ ಇಲ್ಲ, ಶುದ್ಧ ಕಟ್ಟುಕಥೆ.

ಅಮೆರಿಕದಲ್ಲಿ ಹುಚ್ಚು ಕೇಸು ಇಲ್ಲ ಅಂತ ನಾನು ಹೇಳುತ್ತಿಲ್ಲ. ವಾಷಿಂಗ್ಟನ್‌ನಲ್ಲಿ ನ್ಯಾಯಾಧೀಶರ ಕುರ್ಚಿಯಲ್ಲಿದ್ದವರೊಬ್ಬರು ಡ್ರೈಕ್ಲೀನಿಂಗ್ ಅಂಗಡಿಯವರು ತಮ್ಮ ಪ್ಯಾಂಟ್ ಕಳೆದರು ಅಂತ 5.4 ಕೋಟಿ ಡಾಲರ್ ಕೇಳಿದ್ದರು. ಆದರೆ ಅವರು 2007ರಲ್ಲಿ ಸೋತರು. ಹುಚ್ಚು ಕೇಸು ಕೇಳಿ ನಕ್ಕವರು, ಅದು ಸೋತ ಸುದ್ದಿ ಬರುವ ಹೊತ್ತಿಗೆ ಇನ್ನೊಂದಕ್ಕೆ ನಗುತ್ತಿರುತ್ತಾರೆ.

ಮೈದುನನಿಗೆ ಇನ್ನೂ ಒಂದು ಮಾತು ಹೇಳಿ. ಅಲ್ಲಿನ ಹಾಗೆ ನಮ್ಮ ಕ್ಲೇಮು ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಕಂಪನಿಗೆ ಪಾಠ ಕಲಿಸುವ ದಂಡವೂ ನಿಮಗೆ ಬರಲ್ಲ. ಇಲ್ಲಿರುವುದು ಗುಣಾಕಾರದ ಲೆಕ್ಕ, ನಮ್ಮ ವಕೀಲರ ಭಾಷೆಯಲ್ಲಿ ಎಂವಿಸಿ (ಮೋಟಾರು ವಾಹನ ಕ್ಲೇಮು) ಕೇಸು. ಆ ಲೆಕ್ಕವನ್ನು ನಿಮ್ಮ ಮನೆಗೆ ಹೊಂದಿಸಿ ತೋರಿಸುತ್ತೇನೆ. ಕೆಲವು ಅಂಕಿ ನಾನು ಊಹಿಸಿಕೊಂಡದ್ದು, ನಿಮ್ಮ ಕಾಗದ ನೋಡಿ ಬದಲಾಯಿಸಿಕೊಳ್ಳಿ.

ಗೌಂಡಿ ಕೆಲಸಕ್ಕೆ ಸಂಬಳದ ಚೀಟಿ ಇರಲ್ಲ. ಆಗ ಅಪಘಾತವಾದ ವರ್ಷಕ್ಕೆ ತಕ್ಕ ಹಾಗೆ ಕೋರ್ಟೇ ಒಂದು ದುಡಿಮೆ ಗೊತ್ತು ಮಾಡುತ್ತೆ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಪಟ್ಟಿ ಇದೆ, ಸಾಮಾನ್ಯವಾಗಿ ಅದನ್ನು ನೋಡುತ್ತಾರೆ. ತಿಂಗಳಿಗೆ 14,000 ಹಿಡಿದರು ಅಂದುಕೊಳ್ಳಿ. ವರ್ಷಕ್ಕೆ 1,68,000. 36ರಿಂದ 40 ವಯಸ್ಸಿನವರಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 15. ಇದು 2009ರ ಸರಳಾ ವರ್ಮಾ ತೀರ್ಪಿನಿಂದ ಬಂದದ್ದು, ದೇಶಕ್ಕೆಲ್ಲ ಒಂದೇ. ಎರಡನ್ನೂ ಗುಣಿಸಿದರೆ 25,20,000. ಇದು ದುಡಿಯುವ ಶಕ್ತಿ ಪೂರ್ತಿ ಹೋದವನ ಲೆಕ್ಕ. ನಿಮ್ಮವರದ್ದು ಪೂರ್ತಿ ಹೋಗಿಲ್ಲ. ಡಾಕ್ಟರು ಕಾಲಿಗೆ 45 ಪರ್ಸೆಂಟ್ ಊನ ಅಂತ ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯುವ ರೂಢಿ ನಮ್ಮ ಕೋರ್ಟುಗಳಲ್ಲಿ ಇದೆ. 15 ಪರ್ಸೆಂಟ್ ಆಯಿತು. ಅಂದರೆ 3,78,000. ನಾಲ್ಕು ತಿಂಗಳು ಹಾಸಿಗೆ ಹಿಡಿದದ್ದಕ್ಕೆ 56,000. ಆಸ್ಪತ್ರೆ ಬಿಲ್ ಒಂದೂವರೆ ಲಕ್ಷ ಇದ್ದರೆ ಅದು. ನೋವಿಗೆ, ಓಡಾಟಕ್ಕೆ, ನೋಡಿಕೊಂಡವರಿಗೆ, ಮುಂದೆ ರಾಡ್ ತೆಗೆಸುವುದಕ್ಕೆ ಅಂತ ಒಂದು ಲಕ್ಷ ಹಿಡಿಯೋಣ. ಎಲ್ಲ ಕೂಡಿಸಿದರೆ ಏಳು ಲಕ್ಷದ ಒಳಗೆ ನಿಲ್ಲುತ್ತೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ, ನಮ್ಮ ಕಡೆ ಸಾಮಾನ್ಯವಾಗಿ ನೂರಕ್ಕೆ 6. ಇದನ್ನು ಕೋಟಿ ಹೊಡೆಯೋದು ಅಂತಾರಾ?

ಇಲ್ಲಿ ಒಂದು ಸೂಕ್ಷ್ಮ ಇದೆ, ನಿಮ್ಮ ವಕೀಲರಿಗೆ ತಪ್ಪದೆ ನೆನಪಿಸಿ. ರಾಜ್‌ಕುಮಾರ್ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಉದಾಹರಣೆ ಕೊಟ್ಟಿದೆ. ಎಡಗೈ ಕಳಕೊಂಡವನು ಡ್ರೈವರ್ ಅಥವಾ ಬಡಿಗ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಾದರೆ ಸಂಬಳಕ್ಕೆ ಪೆಟ್ಟು ಬೀಳದೇ ಇರಬಹುದು. ಸರ್ಟಿಫಿಕೇಟಿನ ಅಂಕಿ ನೋಡಿ ಗುಣಿಸಿಬಿಡುವ ಹಾಗಿಲ್ಲ, ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಎಷ್ಟು ಮಾಡಬಲ್ಲ ಅಂತ ನೋಡಬೇಕು. ಗೌಂಡಿಗೆ ಕಾಲು ಮುಖ್ಯ. ಮೇಲೆ ಹತ್ತಬೇಕು, ಕುಕ್ಕರುಗಾಲಲ್ಲಿ ಕೂತು ಫರ್ಸಿ ಹಾಸಬೇಕು. ಕೂರಲು ಬರುತ್ತಿಲ್ಲ ಅಂದರೆ ಅದನ್ನು ಡಾಕ್ಟರ ಬಾಯಲ್ಲಿ ಸಾಕ್ಷಿಕಟ್ಟೆಯಲ್ಲಿ ಹೇಳಿಸಬೇಕು. ಆಗ 15 ಅನ್ನುವುದು ನಿಜವಾಗಿಯೇ 20, 25 ಆಗಬಹುದು. ಇದು ಉಪ್ಪುಖಾರ ಹಚ್ಚಿದ್ದಲ್ಲ.

ಏಜೆಂಟನ ದಾರಿ ಬೇರೆ. ಮೇಲಿನ ಲೆಕ್ಕದಲ್ಲಿ 15 ಇದ್ದ ಕಡೆ 60 ಬರೆದು ನೋಡಿ, 15,12,000 ಬರುತ್ತೆ. ಬಿಲ್ಲು ಗಿಲ್ಲು ಸೇರಿಸಿ ಉಬ್ಬಿಸಿದರೆ ಅವನು ಹೇಳಿದ 20 ಲಕ್ಷದ ಹತ್ತಿರ. ಅಷ್ಟೇ ಅವನ ವಿದ್ಯೆ. ಆದರೆ ಅದೇ ರಾಜ್‌ಕುಮಾರ್ ತೀರ್ಪು, ಧಾರಾಳವಾಗಿ ಪರ್ಸೆಂಟ್ ಹಂಚುವ ಡಾಕ್ಟರುಗಳ ಬಗ್ಗೆ, ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರದಿಂದಿರಿ ಅಂತ ಕ್ಲೇಮು ಕೋರ್ಟುಗಳಾದ ಟ್ರಿಬ್ಯುನಲ್‌ಗಳಿಗೆ ಹೇಳಿದೆ. ಚಿಕಿತ್ಸೆ ಕೊಡದ ಡಾಕ್ಟರ್, ಒಂದೇ ದಿನ ನೋಡಿ ಬರೆದ 60 ಪರ್ಸೆಂಟ್ ಇವನ್ನು ಕಂಡರೆ ಕಂಪನಿ ವಕೀಲರಿಗೆ ಹಬ್ಬ. ಪಾಟಿ ಸವಾಲಿನಲ್ಲಿ ಹರಿದು ಹಾಕುತ್ತಾರೆ. ಆಮೇಲೆ ನಿಜವಾದ 20 ಪರ್ಸೆಂಟನ್ನೂ ಯಾರೂ ನಂಬುವುದಿಲ್ಲ.

ನನ್ನ ಕೈಯಲ್ಲೇ ಹಾಗೆ ಒಂದು ಕೇಸು ಹೋಯಿತು. ಯಾದಗಿರಿ ಕಡೆಯ ಹುಡುಗ, ಟ್ರ್ಯಾಕ್ಟರ್ ಗುದ್ದಿ ತೊಡೆಯ ಎಲುಬು ಮುರಿದಿತ್ತು. ಅಪಘಾತ ನಿಜ, ಗಾಯ ನಿಜ, ಸಣ್ಣಗೆ ಕುಂಟುತ್ತಿದ್ದದ್ದೂ ನಿಜ. ಯಾರೋ ತಲೆ ತುಂಬಿದ್ದರು, ನನಗೂ ಹೇಳದೆ ಸಾಕ್ಷಿ ಹೇಳುವ ದಿನ ಊರುಗೋಲು ಹಿಡಿದು ಬಂದ. ಗೋಲು ಇಲ್ಲದೆ ಒಂದು ಹೆಜ್ಜೆ ಇಡಲಾರೆ ಅಂದ. ಕಂಪನಿ ವಕೀಲರು ಒಂದು ಫೋಟೊ ತೆಗೆದು ಮುಂದಿಟ್ಟರು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದು ಎಳೆಯುತ್ತಿದ್ದಾನೆ, ಬಾಯ್ತುಂಬ ನಗು. ಅವನೇ ಫೇಸ್‌ಬುಕ್ಕಿಗೆ ಹಾಕಿಕೊಂಡಿದ್ದ ಫೋಟೊ. ಜಡ್ಜ್ ಬೈಯಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಇನ್ನೂ ನೆನಪಿದೆ. ನಿಯತ್ತಾಗಿ ಹೇಳಿದ್ದರೆ ಬರುತ್ತಿದ್ದದ್ದರಲ್ಲಿ ಅರ್ಧವೂ ಬರಲಿಲ್ಲ.

ಅದಕ್ಕಿಂತ ಕೆಟ್ಟ ಸುಳ್ಳೂ ಇದೆ, ಗಾಡಿ ತೋರಿಸುವುದು. ಕುಡಿದೋ, ನಾಯಿ ಅಡ್ಡ ಬಂದೋ ತಾನೇ ಬೈಕಿನಿಂದ ಬಿದ್ದಿರುತ್ತಾನೆ. ಎದುರಿನ ಗಾಡಿ ಇಲ್ಲದೆ ಥರ್ಡ್ ಪಾರ್ಟಿ ಕ್ಲೇಮು ಬರಲ್ಲ. ಇಪ್ಪತ್ತು ದಿನ ಆದ ಮೇಲೆ ಪೊಲೀಸರಿಗೆ ದೂರು ಹೋಗುತ್ತೆ, ಅದರಲ್ಲಿ ಪರಿಚಯದವರ ಒಂದು ಇನ್ಶೂರೆನ್ಸ್ ಇರುವ ಗಾಡಿಯ ನಂಬರ್ ಇರುತ್ತೆ. ಉತ್ತರ ಪ್ರದೇಶದಲ್ಲಿ ಇದು ದಂಧೆಯಾಗಿ, 2015ರಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆಗೆ ವಿಶೇಷ ತಂಡ ಮಾಡಿಸಿತು. ಸಾವಿರಕ್ಕೂ ಹೆಚ್ಚು ಅನುಮಾನದ ಕ್ಲೇಮು ಆ ತಂಡದ ಮುಂದೆ ಬಂದವು. 2021ರಲ್ಲಿ ಸುಪ್ರೀಂ ಕೋರ್ಟ್ ಗದರಿದ ಮೇಲೆ ಭಾರತೀಯ ವಕೀಲರ ಪರಿಷತ್ತು 28 ವಕೀಲರನ್ನು ಸಸ್ಪೆಂಡ್ ಮಾಡಿತು. ನಮ್ಮವರೇ ವಕೀಲರು, ಹೇಳಿಕೊಳ್ಳಲು ನಾಚಿಕೆ. ಕೋರ್ಟಿನಲ್ಲಿ ಮೋಸದಿಂದ ಸುಳ್ಳು ಕ್ಲೇಮು ಮಾಡುವುದು ಜೈಲಿಗೆ ಕಳಿಸುವ ಅಪರಾಧ. ಆ ದಿನ ಏಜೆಂಟ್ ಸಿಗಲ್ಲ. ಅರ್ಜಿಯಲ್ಲಿ ಸಹಿ ಇರುವುದು ನಿಮ್ಮವರದ್ದು.

ಈ ಸುಳ್ಳುಗಳಿಂದ ನಿಜದವರಿಗೆ ಬೀಳುವ ಪೆಟ್ಟು ಎಂಥದ್ದು ಅಂದರೆ, ಈಗ ಕಂಪನಿಯವರು ಪ್ರತಿ ಕೇಸಿನಲ್ಲೂ ಆಸ್ಪತ್ರೆಯ ಮೊದಲ ಎಂಎಲ್‌ಸಿ ಬರಹ, ಅಂದರೆ ಪೊಲೀಸ್ ಕೇಸಾಗುವ ಗಾಯದ ಬಗ್ಗೆ ಡಾಕ್ಟರ್ ಬರೆದಿಡುವ ದಾಖಲೆ, ತರಿಸುತ್ತಾರೆ. ರಾತ್ರಿ ಹತ್ತು ಗಂಟೆಗೆ ರಕ್ತ ಸೋರುವ ಮನುಷ್ಯನನ್ನು ಹೊತ್ತು ತಂದಾಗ ಡ್ಯೂಟಿ ಡಾಕ್ಟರ್ 'ಏನಾತು' ಅಂತ ಕೇಳುತ್ತಾರೆ. ಪೊಲೀಸ್ ತಂಟೆ ಬೇಡ ಅಂತಲೋ, ಗಾಬರಿಯಲ್ಲೋ ಯಾರೋ 'ಗಾಡಿ ಸ್ಲಿಪ್ ಆಗಿ ಬಿದ್ದಾನ್ರಿ' ಅನ್ನುತ್ತಾರೆ. ಡಾಕ್ಟರ್ ಬರೆದುಕೊಳ್ಳುತ್ತಾರೆ. ಆ ಒಂದು ಸಾಲಿನಿಂದ ನಿಜವಾದ ಕೇಸುಗಳು ಬಿದ್ದದ್ದನ್ನು ನೋಡಿದ್ದೇನೆ. ಸೊಲ್ಲಾಪುರಕ್ಕೆ ಹೋಗುವ ಮೊದಲು ನಿಮ್ಮವರನ್ನು ಎಲ್ಲಿ ತೋರಿಸಿದ್ದಿರೋ, ಅಲ್ಲಿ ಏನು ಬರೆದಿದ್ದಾರೆ ಅಂತ ಈ ವಾರವೇ ನೋಡಿ. ತಪ್ಪಿದ್ದರೆ ವಕೀಲರಿಗೆ ಮೊದಲೇ ಹೇಳಿ, ಕರಕೊಂಡು ಹೋದವರ ಸಾಕ್ಷಿ ಹಾಕಿಸಿ ವಿವರಿಸಬಹುದು.

30 ಪರ್ಸೆಂಟಿನ ಮಾತು. ಅಮೆರಿಕದಲ್ಲಿ ಗೆದ್ದ ದುಡ್ಡಿನಲ್ಲಿ ವಕೀಲರು ಪಾಲು ತಗೊಳ್ಳಬಹುದು. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮ ಅದನ್ನು ನೇರವಾಗಿ ನಿಷೇಧಿಸಿದೆ. ವಕೀಲರಿಗೇ ಇಲ್ಲದ ಹಕ್ಕು ಆಸ್ಪತ್ರೆ ಕಾರಿಡಾರಿನಲ್ಲಿ ನಿಂತವನಿಗೆ ಎಲ್ಲಿಂದ ಬಂತು? ಮೇಲಿನ ಏಳು ಲಕ್ಷದ ಲೆಕ್ಕದಲ್ಲಿ ಅವನ ಪಾಲು ಎರಡು ಲಕ್ಷ. ನಿಮ್ಮ ಆಸ್ಪತ್ರೆ ಬಿಲ್ಲಿಗಿಂತ ಜಾಸ್ತಿ ಆಯ್ತಲ್ವಾ? ನಿಮ್ಮ ಮಾವನವರು ನಾಚಿಕೆ ಪಡಬೇಕಾದದ್ದು ಇವನನ್ನು ಮನೆ ಬಾಗಿಲಿಗೆ ಬರಗೊಟ್ಟರೆ. ವಕೀಲರಿಗೆ ಕೊಡಲು ಕೈಯಲ್ಲಿ ಇಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯವನ್ನೂ ಕೇಳುವುದಿಲ್ಲ.

ಒಂದು ಮಾತು ಅಡ್ಡ ಬರುತ್ತಿದೆ, ಹೇಳಿಬಿಡುತ್ತೇನೆ. ಕ್ಲೇಮಿನಿಂದ ಮಂದಿ ಕೊಬ್ಬುತ್ತಿದ್ದಾರೆ ಅನ್ನುವವರು ತೊಗರಿ ರಾಶಿ ಕಾಲದಲ್ಲಿ ನಮ್ಮ ರಸ್ತೆಗೆ ಬಂದು ನಿಲ್ಲಬೇಕು. ಕೂಲಿ ಹೆಣ್ಣುಮಕ್ಕಳನ್ನು ಸರಕು ಗಾಡಿಯಲ್ಲಿ ನಿಲ್ಲಿಸಿ ಒಯ್ಯುತ್ತಾರೆ. ಪಲ್ಟಿಯಾದರೆ ಅವರಿಗೆ ಏನು ಸಿಗುತ್ತೆ? ಸರಕು ಗಾಡಿಯಲ್ಲಿ ಪುಕ್ಕಟೆ ಹತ್ತಿದವರಿಗೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಆಶಾ ರಾಣಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಲೀಕನ ಹತ್ತಿರ ಇದ್ದರೆ ಉಂಟು, ಇಲ್ಲದಿದ್ದರೆ ಕೈಯಲ್ಲಿ ತೀರ್ಪಿನ ಕಾಗದ ಮಾತ್ರ. ಮೊದಲಾದರೆ ಈ ಕಾಗದದ ಮೇಲೆ ಅಪೀಲಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಫೈಲಿನ ಚೀಲವನ್ನು ತಲೆದಿಂಬು ಮಾಡಿಕೊಂಡು ಹೋಗುತ್ತಿದ್ದೆವು. ಕಕ್ಷಿದಾರರು ಬರುವುದೇ ಇಲ್ಲ, ಅರ್ಧದಷ್ಟು ಜನ ಅಪೀಲನ್ನೇ ಬಿಟ್ಟುಬಿಡುತ್ತಿದ್ದರು. 2008ರ ಜುಲೈಯಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೀದರ್, ಯಾದಗಿರಿಯವರಿಗೂ ಈಗ ಇದೇ. ಪೀಠ ಬಂದ ಮೇಲೆ 'ಕ್ಲೇಮು ಕೇಸು ಜಾಸ್ತಿ ಆದವು' ಅಂತ ಗೊಣಗುವವರಿದ್ದಾರೆ. ಜಾಸ್ತಿ ಆದದ್ದು ಆಸೆಯಲ್ಲ, ಬಸ್ ಚಾರ್ಜಿನಲ್ಲಿ ಮುಗಿಯುವ ದಾರಿ ಸಿಕ್ಕಿತು.

ಇನ್ನು ನೀವು ಮಾಡಬೇಕಾದ ಕೆಲಸ. ಎಫ್‌ಐಆರ್, ಸ್ಥಳ ಪಂಚನಾಮೆ, ಗಾಡಿ ತಪಾಸಣೆ ವರದಿ, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಇವುಗಳ ಕಾಪಿ ತಗೊಳ್ಳಿ. ಸೊಲ್ಲಾಪುರದ ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ, ಔಷಧದ ಪ್ರತಿಯೊಂದು ಚೀಟಿ ಇಟ್ಟುಕೊಳ್ಳಿ. ಮರಾಠಿಯಲ್ಲಿರುವ ಕಾಗದಕ್ಕೆ ಅನುವಾದ ಬೇಕಾಗುತ್ತೆ. ಅಲ್ಲಿನ ಡಾಕ್ಟರ್ ಸಾಕ್ಷಿಗೆ ಇಲ್ಲಿಗೆ ಬರಲು ಒಪ್ಪುವುದು ಕಷ್ಟ. ಕೋರ್ಟ್ ತನ್ನ ಪರವಾಗಿ ಒಬ್ಬ ಕಮಿಷನರ್ ನೇಮಿಸಿ ಆ ಡಾಕ್ಟರ ಹೇಳಿಕೆ ಪಡೆಯುವ ದಾರಿ ಇದೆ, ವಕೀಲರನ್ನು ಕೇಳಿ. ಕೇಸನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ, ನೀವಿರುವ ಕಡೆಯ ಕೋರ್ಟಿನಲ್ಲೂ ಹಾಕಬಹುದು. ಯಾರದು ತಪ್ಪು ಅಂತ ಸಾಬೀತು ಮಾಡುವ ಗೋಜಿಲ್ಲದೆ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಕೊಡುವ 164ನೇ ಕಲಂ ಒಂದಿದೆ. ಎಲುಬು ಮುರಿದದ್ದು ಭಾರಿ ಗಾಯವೇ. ಆದರೆ ಅದನ್ನು ಒಪ್ಪಿಕೊಂಡರೆ 166ರ ಅರ್ಜಿ, ಅಂದರೆ ಎದುರಿನವರ ತಪ್ಪು ತೋರಿಸಿ ಮೇಲಿನ ಲೆಕ್ಕದಂತೆ ಪರಿಹಾರ ಕೇಳುವ ಅರ್ಜಿ, ಬಿದ್ದುಹೋಗುತ್ತೆ. ಹಿಂದಿನಿಂದ ಗುದ್ದಿದ ಕೇಸು, ಚಾರ್ಜ್‌ಶೀಟೂ ಆದರೆ ನಿಮಗೆ 166 ಮೇಲು ಅನ್ನುವುದು ನನ್ನ ಅಭಿಪ್ರಾಯ.

ಊರ ಹಿರಿಯರಿಗೆ ರಾಜಿಯೇ ಇಷ್ಟವಾದರೆ ಅದಕ್ಕೂ ಜಾಗ ಇದೆ. ಕೇಸು ಹಾಕಿದ ಮೇಲೆ ಲೋಕ ಅದಾಲತ್ತಿನಲ್ಲಿ ಕಂಪನಿಯವರು ಕೂತು ಮಾತಾಡುತ್ತಾರೆ. ಮೊತ್ತ ಸ್ವಲ್ಪ ಕಡಿಮೆ ಬರುತ್ತೆ, ಬೇಗ ಬರುತ್ತೆ, ಅಪೀಲು ಇರುವುದಿಲ್ಲ. ನಿಮ್ಮ ಮಾವನವರನ್ನೇ ಜೊತೆಗೆ ಕರಕೊಂಡು ಹೋಗಿ. ಹೊರಗೆ ಪಂಚರ ಮುಂದೆ ಮಾಡುವ ರಾಜಿಗೂ ಇದಕ್ಕೂ ಏನು ಫರಕು ಅಂತ ಅವರೇ ನೋಡಲಿ.

ಉಳಿದದ್ದು ತಾರೀಖು. 2022ರ ಏಪ್ರಿಲ್ 1ರಿಂದ, ಅಪಘಾತವಾಗಿ ಆರು ತಿಂಗಳೊಳಗೆ ಕ್ಲೇಮು ಅರ್ಜಿ ಹಾಕಬೇಕು ಅನ್ನುವ ನಿಯಮ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದರೆ ಅದನ್ನು ನಂಬಿ ಕೂರಬೇಡಿ. ನಿಮ್ಮ ಪತ್ರದಲ್ಲಿ ಎಳ್ಳ ಅಮಾವಾಸ್ಯೆ ಆದ ವಾರ ಅಂತ ಮಾತ್ರ ಇದೆ. ಎಫ್‌ಐಆರ್‌ನಲ್ಲಿ ದಿನ ಬರೆದಿರುತ್ತಾರೆ. ಅದನ್ನು ಇವತ್ತೇ ತೆಗೆದು ನೋಡಿ, ಅಲ್ಲಿಂದ ಬೆರಳು ಮಡಚಿ ಎಣಿಸಿ.